ಲೋಟ ಎತ್ತಿದಾಗ ಮಿದುಳು ‘ಶೇ 40’ ಎಂದರೆ ನಂಬಬೇಡಿ

ತಲೆಗೆ ಬೆಳಕಿನ ಟೋಪಿ ಹಾಕಿ ಮಿದುಳಿನ ಚಟುವಟಿಕೆ ಅಳೆಯುವ ಪರೀಕ್ಷೆಯ ಬಗ್ಗೆ ಮತ್ತೆ ಮತ್ತೆ ಒಂದೇ ಪ್ರಶ್ನೆ ಬರುತ್ತಿದೆ. ಈ ಸಲದ ಅಂಕಣದ ಹೆಚ್ಚಿನ ಭಾಗ ಅದಕ್ಕೇ ಮೀಸಲು. ಪಾರ್ಶ್ವವಾಯು ಎಂದರೇನು, ಬಲಗೈಯನ್ನು ಎಡ ಮಿದುಳು ಏಕೆ ನಡೆಸುತ್ತದೆ ಎಂಬುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: ತಂದೆಯವರಿಗೆ ಪಾರ್ಶ್ವವಾಯುವಾಗಿ ಬಲಗೈ ಸ್ವಾಧೀನ ತಪ್ಪಿದೆ. ಒಂದು ಕೇಂದ್ರದಲ್ಲಿ ಅತಿಗೆಂಪು ಬೆಳಕಿನ ಟೋಪಿ ತೊಡಿಸಿ, ಲೋಟ ಎತ್ತಿಸಿ, ‘ಎಡ ಮಿದುಳು ಶೇ 40ರಷ್ಟು ಮಾತ್ರ ಕೆಲಸ ಮಾಡುತ್ತಿದೆ’ ಎಂದು ವರದಿ ಕೊಟ್ಟರು. ತಿಂಗಳ ಚಿಕಿತ್ಸೆಯಲ್ಲಿ ಅದನ್ನು ಶೇ 70ಕ್ಕೆ ತರುತ್ತಾರಂತೆ. ನಂಬಬಹುದೇ?

ಉತ್ತರ: ಬೇಡ. ಯಂತ್ರದಲ್ಲಿ ದೋಷವಿಲ್ಲ, ಆ ಶೇಕಡಾ ಲೆಕ್ಕಕ್ಕೆ ಬುಡವಿಲ್ಲ. ಶೇ 40 ಎನ್ನಬೇಕಾದರೆ ನೂರು ಎಂಬುದು ಯಾವುದು? ಸಾಮಾನ್ಯವಾಗಿ ಬಳಕೆಯಲ್ಲಿರುವ ಎಫ್‌ನಿರ್ಸ್ (ಈ ಬೆಳಕಿನ ಟೋಪಿಯ ಪರೀಕ್ಷೆಯ ಹೆಸರು) ಯಂತ್ರ ತೋರಿಸುವುದು ಬದಲಾವಣೆಯನ್ನು ಮಾತ್ರ. ಕೈ ಸುಮ್ಮನಿದ್ದಾಗ ರಕ್ತದ ಆಮ್ಲಜನಕ ಹೇಗಿತ್ತು, ಕೈ ಆಡಿದಾಗ ಎಷ್ಟು ಏರಿತು ಅಥವಾ ಇಳಿಯಿತು, ಅಷ್ಟೇ.

ಈ ಬೆಳಕು ತಲೆಬುರುಡೆಯನ್ನು ದಾಟಿ ಹೋಗಿ ಬರುತ್ತದೆ ಎಂದು ವಿಜ್ಞಾನಿ ಫ್ರಾನ್ಸ್ ಯೊಬ್ಸಿಸ್ 1977ರಲ್ಲಿ ತೋರಿಸಿದರು. ಸುಮಾರು 760 ಮತ್ತು 850 ನ್ಯಾನೊಮೀಟರಿನ ಎರಡು ಬೆಳಕುಗಳನ್ನು ಬಿಟ್ಟರೆ, ಆಮ್ಲಜನಕ ತುಂಬಿದ ಹಿಮೊಗ್ಲೋಬಿನ್ ಒಂದನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಕಳೆದುಕೊಂಡದ್ದು ಇನ್ನೊಂದನ್ನು. ಬೆಳಕು ಬಿಡುವ ಬಿಂದುವಿಗೂ ಹಿಡಿಯುವ ಬಿಂದುವಿಗೂ ಸುಮಾರು ಮೂರು ಸೆಂಟಿಮೀಟರ್ ಅಂತರವಿರುತ್ತದೆ. ಆದ್ದರಿಂದ ಕಾಣಸಿಗುವುದು ಮಿದುಳಿನ ಮೇಲ್ಪದರ ಮಾತ್ರ. ಅದೂ ತಡವಾಗಿ: ನರಕೋಶಗಳು ಕೆಲಸಕ್ಕೆ ತೊಡಗಿ ಐದಾರು ಸೆಕೆಂಡಾದ ಮೇಲೆ ರಕ್ತ ಉಚ್ಛ್ರಾಯಕ್ಕೆ ಬರುತ್ತದೆ. ನಿಮ್ಮ ತಂದೆಯವರು ಲೋಟ ಕೆಳಗಿಟ್ಟಾದ ಮೇಲೂ ಗೆರೆ ಏರುತ್ತಿರಬಹುದು.

ನನಗೆ ನಿಜಕ್ಕೂ ಸಿಟ್ಟು ಬರುವುದು ಮುಂದಿನ ವಿಷಯಕ್ಕೆ. ಸೋತ ಕೈಯಿಂದ ಲೋಟ ಹಿಡಿಯಲು ಹೆಣಗುವವರು ಉಸಿರು ಬಿಗಿಹಿಡಿಯುತ್ತಾರೆ, ಹಲ್ಲು ಕಚ್ಚುತ್ತಾರೆ, ರಕ್ತದೊತ್ತಡ ಏರುತ್ತದೆ. ಆಗ ನೆತ್ತಿಯ ಚರ್ಮಕ್ಕೂ ರಕ್ತ ನುಗ್ಗುತ್ತದೆ. ಬೆಳಕು ಹೋಗುವಾಗಲೂ ಬರುವಾಗಲೂ ಆ ಚರ್ಮವನ್ನು ದಾಟಲೇಬೇಕು. ಚರ್ಮದ ರಕ್ತದ ಪಾಲನ್ನು ಲೆಕ್ಕದಿಂದ ಕಳೆಯಲು, ಚರ್ಮವನ್ನಷ್ಟೇ ನೋಡುವ, ಸುಮಾರು ಎಂಟು ಮಿಲಿಮೀಟರ್ ಅಂತರದ ಬೇರೆ ಬಿಂದುಗಳು ಬೇಕು. ಇವಿಲ್ಲದೆ ಬಂದ ಏರಿಕೆಯನ್ನು ‘ಮಿದುಳು ಎಚ್ಚೆತ್ತಿತು’ ಎಂದು ಮಾರುವವರಿದ್ದಾರೆ. ಆ ಬಿಂದುಗಳಿದ್ದವೇ ಎಂದು ಕೇಳಿ. ಆಮ್ಲಜನಕವುಳ್ಳ ಹಿಮೊಗ್ಲೋಬಿನ್ ಏರಿದಾಗ ಆಮ್ಲಜನಕವಿಲ್ಲದ್ದು ಇಳಿಯಿತೇ ಎಂದೂ ಕೇಳಿ; ಮಿದುಳು ನಿಜವಾಗಿ ದುಡಿದಾಗ ಹಾಗಾಗುವುದು ಸಾಮಾನ್ಯ. ಎರಡೂ ಕೂಡಿ ಏರಿದ್ದರೆ ನಾನಂತೂ ಆ ದಾಖಲೆಯನ್ನು ಪಕ್ಕಕ್ಕಿಡುತ್ತೇನೆ.

ಕೈಗೆ ಕೊಟ್ಟ ಕೆಲಸ ಯಾವುದು ಎಂಬುದೂ ಮುಖ್ಯ. ಬೆರಳನ್ನು ಸುಮ್ಮನೆ ಬಡಿಯುವುದಕ್ಕೂ ನೀರು ಕುಡಿಯಲೆಂದು ಲೋಟ ಎತ್ತುವುದಕ್ಕೂ ಬಹಳ ವ್ಯತ್ಯಾಸವಿದೆ. ಲೋಟ ಎಷ್ಟು ದೂರವಿದೆ, ಅಂಗೈ ಎಷ್ಟು ಅಗಲ ತೆರೆಯಬೇಕು ಎಂಬ ಅಂದಾಜಿಗೆ ಮಿದುಳಿನ ಮೇಲ್ಹಿಂಬದಿಯ ಪೆರೈಟಲ್ ಭಾಗ ಬೇಕು, ಚಲನೆಯನ್ನು ಅಣಿಗೊಳಿಸಲು ಮುಂಬದಿಯ ಪ್ರಿಮೋಟರ್ ಭಾಗ ಬೇಕು. ಕೈಗೆ ಬಲವಿದ್ದೂ ಬಾಚಣಿಗೆ ಬಳಸಲಾಗದ ರೋಗಿಗಳಿದ್ದಾರೆ. ಅಂಥವರನ್ನು ಜರ್ಮನಿಯ ವೈದ್ಯ ಹ್ಯೂಗೊ ಲೀಪ್‌ಮನ್ 20ನೇ ಶತಮಾನದ ಆರಂಭದಲ್ಲೇ ವಿವರಿಸಿದ್ದರು. ಎಂಆರ್‌ಐ ಕೊಳವೆಯಲ್ಲಿ ಅಲುಗಾಡದೆ ಮಲಗಿ ಇಂಥ ಕೆಲಸ ಮಾಡಿಸುವುದು ಕಷ್ಟ. ಕುರ್ಚಿಯಲ್ಲಿ ಕೂರಿಸಿ ನಿಜವಾದ ಲೋಟವನ್ನೇ ಎತ್ತಿಸಿ ನೋಡಬಹುದು ಎಂಬುದಕ್ಕೇ ನನಗೆ ಈ ಬೆಳಕಿನ ವಿಧಾನ ಇಷ್ಟ. ಆದರೆ ಅದೇ ಲೋಟ, ಅದೇ ದೂರ, ಅಷ್ಟೇ ಸಲ, ನಡುನಡುವೆ ವಿಶ್ರಾಂತಿ ಇರಬೇಕು. ಜೊತೆಗೆ ಏನನ್ನೂ ಹಿಡಿಯದೆ ಕೈಯನ್ನು ಅದೇ ದಾರಿಯಲ್ಲಿ ಆಡಿಸಿದ ಹೋಲಿಕೆಯೂ ಬೇಕು. ಇವತ್ತು ಖಾಲಿ ಲೋಟ, ಮುಂದಿನ ತಿಂಗಳು ತುಂಬಿದ ಲೋಟ ಕೊಟ್ಟರೆ ಹೋಲಿಕೆಗೇ ಅರ್ಥವಿಲ್ಲ.

ಅಂಕಿ ಹೆಚ್ಚಾದರೆ ಗುಣವಾಯಿತು ಎಂದೂ ಅಲ್ಲ. ಪಾರ್ಶ್ವವಾಯುವಿನ ಮೊದಲ ದಿನಗಳಲ್ಲಿ ಮಿದುಳಿನ ಪೆಟ್ಟು ಬೀಳದ ಬದಿಯೂ ಜೋರಾಗಿ ದುಡಿಯುವುದುಂಟು. ಚೆನ್ನಾಗಿ ಚೇತರಿಸಿಕೊಳ್ಳುವವರಲ್ಲಿ ಅದು ಕ್ರಮೇಣ ತಗ್ಗಿ, ಪೆಟ್ಟು ಬಿದ್ದ ಬದಿಯೇ ಮತ್ತೆ ಮುಂದಾಗುವುದು ಸಾಮಾನ್ಯ. ಹೆಚ್ಚು ರಕ್ತ ಎಂದರೆ ಹೆಚ್ಚು ಹೆಣಗಾಟವೂ ಇರಬಹುದು.

ನೀವು ಗಮನಿಸಬೇಕಾದದ್ದು ಕೈಯನ್ನು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆಯೇ, ಅನ್ನ ಕಲಸುತ್ತಾರೆಯೇ? ತೋಳು ಮತ್ತು ಕೈಗಾಗಿಯೇ 66 ಅಂಕದ ಫೂಗಲ್-ಮೇಯರ್ ಅಳತೆ ಇದೆ. ಫಿಸಿಯೋಥೆರಪಿಯವರಿಂದ ಅದನ್ನು ಬರೆಸಿಕೊಳ್ಳಿ. ಇರುವ ಹಣವನ್ನು ದಿನದಿನದ ಅಭ್ಯಾಸಕ್ಕೆ ಸುರಿಯಿರಿ, ಬಣ್ಣದ ಚಿತ್ರಕ್ಕಲ್ಲ.

ಪ್ರಶ್ನೆ: ಪರೀಕ್ಷೆಗೆ ತಲೆ ಬೋಳಿಸಬೇಕೇ?

ಉತ್ತರ: ಬೇಡ. ಕಪ್ಪು ದಟ್ಟ ಕೂದಲು ಬೆಳಕನ್ನು ನುಂಗುತ್ತದೆ, ನಿಜ. ಪ್ರತಿ ಬಿಂದುವಿನ ಕೆಳಗೂ ಬೈತಲೆ ತೆಗೆದಂತೆ ಕೂದಲು ಸರಿಸಿ, ಚರ್ಮ ಕಂಡ ಮೇಲೆ ಕೂರಿಸಬೇಕು. ಆ ತಾಳ್ಮೆ ಇಲ್ಲದೆ ಟೋಪಿ ಎಳೆದು ತೊಡಿಸುವವರ ಬಳಿ ಹೋಗಬೇಡಿ.

ಪ್ರಶ್ನೆ: ಈ ಬೆಳಕು ಮಿದುಳನ್ನು ಸುಡುವುದಿಲ್ಲವೇ?

ಉತ್ತರ: ಇಲ್ಲ.

ಪ್ರಶ್ನೆ: ಮಗನಿಗೆ ‘ಮಿಡ್‌ಬ್ರೇನ್ ಆಕ್ಟಿವೇಶನ್’ (ಕಣ್ಣು ಕಟ್ಟಿಕೊಂಡೇ ಓದಲು ಕಲಿಸುತ್ತೇವೆ ಎನ್ನುವ ತರಬೇತಿ) ಮಾಡಿಸುತ್ತಿದ್ದೇವೆ. ಫಲ ಸಿಕ್ಕಿದೆಯೇ ಎಂದು ಈ ಟೋಪಿಯಿಂದ ತಿಳಿಯಬಹುದೇ?

ಉತ್ತರ: ಮಿಡ್‌ಬ್ರೇನ್ ತಲೆಯ ಆಳದಲ್ಲಿದೆ, ಈ ಬೆಳಕು ಅಲ್ಲಿಗೆ ತಲುಪುವುದೇ ಇಲ್ಲ. ಫಲ ತಿಳಿಯಲು ಯಂತ್ರವೂ ಬೇಕಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿದ ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದುತ್ತಾರೆ ಎಂಬುದನ್ನು ಮಂಗಳೂರಿನ ನರೇಂದ್ರ ನಾಯಕ್ ಅವರಂಥ ವಿಚಾರವಾದಿಗಳು ಬಯಲು ಮಾಡಿದ್ದಾರೆ. ಹಣ ಹೋದದ್ದು ಹೋಯಿತು. ಆದರೆ ಇಣುಕಿ ನೋಡಿ ‘ನೋಡಲಿಲ್ಲ’ ಎನ್ನುವುದನ್ನು ಮಗ ಅಲ್ಲಿ ಕಲಿಯುತ್ತಿದ್ದಾನೆ. ನಾಳೆಯೇ ಬಿಡಿಸಿ.