ಲ್ಯಾಬ್ರಡಾರ್ ಜೊತೆ ಗೋಕರ್ಣದ ಗುಡ್ಡ ಹತ್ತಬಹುದಾ?

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಲ್ಯಾಬ್ರಡಾರ್ ಇದೆ. ಜನವರಿಯಲ್ಲಿ ಒಂದು ದಿನ ಅದನ್ನೂ ಕರೆದುಕೊಂಡು ಗೋಕರ್ಣದ ಕೂಡ್ಲೆಯಿಂದ ಪ್ಯಾರಡೈಸ್ ಬೀಚ್‌ವರೆಗೆ ಗುಡ್ಡದ ದಾರಿಯಲ್ಲಿ ನಡೆಯುವ ಆಸೆ. ಐದು ತಿಂಗಳ ಮರಿಯೂ ಇದೆ. ಎರಡನ್ನೂ ಕರೆದೊಯ್ಯಬಹುದಾ?
– ಓದುಗರು, ಶಿರಸಿ

ಉತ್ತರ: ದೊಡ್ಡದನ್ನು ಖಂಡಿತ ಕರೆದುಕೊಂಡು ಹೋಗಿ. ಅಣಶಿ ಕಡೆ ಹೊರಡದೆ ಗೋಕರ್ಣ ಆರಿಸಿದ್ದು ಒಳ್ಳೆಯದಾಯಿತು. ಅಣಶಿ ಕಾಳಿ ಹುಲಿ ಸಂರಕ್ಷಿತ ಕಾಡಿಗೆ ಸೇರಿದ್ದು, ಅಲ್ಲಿಗೆ ನಾಯಿ ಒಯ್ಯುವಂತಿಲ್ಲ. ಸಾಕುನಾಯಿಯ ಡಿಸ್ಟೆಂಪರ್ ಎಂಬ ವೈರಸ್ ರೋಗ ಕಾಡುಪ್ರಾಣಿಗಳಿಗೂ ಅಂಟುತ್ತದೆ.

ನನಗೆ ಭಯ ಇರುವುದು ಬಿಸಿಲಿನದು. ನಿಮ್ಮ ನಾಯಿಗೆ ತೋಟದ ನೆರಳು, ಬೆಳಗಿನ ಚಳಿ ರೂಢಿ. ಕರಾವಳಿಯಲ್ಲಿ ಜನವರಿಯಲ್ಲೂ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ. ಕೂಡ್ಲೆ–ಓಂ ಬೀಚ್‌ಗಳ ನಡುವಿನ ಗುಡ್ಡದ ನೆತ್ತಿ ಬರೀ ಚಿರೆಕಲ್ಲು. ಹತ್ತು ಗಂಟೆಯ ಹೊತ್ತಿಗೇ ಕಾಯತೊಡಗುತ್ತದೆ. ನಿಮಗೆ ಚಪ್ಪಲಿ ಇದೆ, ಅದಕ್ಕಿಲ್ಲ ಅಲ್ವಾ? ಅಂಗೈಯ ಹಿಂಬದಿಯನ್ನು ಕಲ್ಲಿಗೆ ಒತ್ತಿ ಏಳು ಎಣಿಸಿ. ತಡೆಯಲಾಗದಿದ್ದರೆ ನಾಯಿಯನ್ನು ಅದರ ಮೇಲೆ ನಡೆಸಬೇಡಿ.

ನಾಯಿ ಸುಸ್ತಾದರೂ ನೀವು ನಡೆದರೆ ಹಿಂದೆ ಬರುತ್ತಲೇ ಇರುತ್ತದೆ. ಲ್ಯಾಬ್ರಡಾರ್‌ಗಂತೂ ಯಜಮಾನನ ಹಿಂದೆ ಉಳಿಯುವುದೇ ಗೊತ್ತಿಲ್ಲ. ಹಾಗಾಗಿ ನೋಡಬೇಕಾದವರು ನೀವು. ಮೊದಲು ಒಂದು ಕಾಲೆತ್ತಿ ಇನ್ನೊಂದಕ್ಕೆ ಭಾರ ಹಾಕುತ್ತದೆ. ಆಮೇಲೆ ದಾರಿ ಬಿಟ್ಟು ಕವಳಿ ಮಟ್ಟಿಯ ಬುಡಕ್ಕೆ ಹೋಗಿ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗುತ್ತದೆ. ಎಬ್ಬಿಸಬೇಡಿ. ವಸಡು ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ಬಿಸಿಲು ಬಡಿದಿದೆ ಎಂದೇ ತಿಳಿಯಿರಿ. ನೆರಳಿಗೆ ಒಯ್ದು ಹೊಟ್ಟೆ, ತೊಡೆಸಂದು, ಪಾದಕ್ಕೆ ನೀರು ಸುರಿದು ಗಾಳಿ ಹಾಕಿ. ತಡಮಾಡದೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸುಧಾರಿಸಿದಂತೆ ಕಂಡರೂ ತೋರಿಸಲೇಬೇಕು.

ಬೆಳಕು ಹರಿಯುವಾಗಲೇ ಹೊರಡಿ. ನಾಯಿಗೆಂದೇ ಎರಡು ಲೀಟರ್ ನೀರು, ಒಂದು ಬಟ್ಟಲು ಇರಲಿ. ಬಾಯಾರಿದ ನಾಯಿ ಸಮುದ್ರದ ನೀರನ್ನೇ ಕುಡಿದುಬಿಡುತ್ತದೆ, ಆಮೇಲೆ ವಾಂತಿ, ಭೇದಿ. ಓಂ ದಾಟಿದ ಮೇಲೆ ದಾರಿ ಇಕ್ಕಟ್ಟು, ಕೆಲವೆಡೆ ಪಕ್ಕದಲ್ಲೇ ಬಂಡೆ, ಕೆಳಗೆ ಸಮುದ್ರ. ಅಲ್ಲಿ ಬೆಲ್ಟು ಗಿಡ್ಡ ಹಿಡಿಯಿರಿ. ನನ್ನ ಮಾತು ಕೇಳುವುದಾದರೆ ಪ್ಯಾರಡೈಸ್‌ಗಿಂತ ಮೊದಲು ಸಿಗುವ ಹಾಫ್ ಮೂನ್ ಬೀಚ್‌ನಿಂದಲೇ ತಿರುಗಿ. ಪ್ಯಾರಡೈಸ್ ಇನ್ನೊಮ್ಮೆ ನೋಡಿದರಾಯಿತು.

ಇನ್ನು ಉಣುಗು. ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ನಮ್ಮ ಸಿದ್ದಾಪುರದಿಂದ ಅದೇನು ದೂರ? ಡಿಸೆಂಬರ್‌ನಿಂದ ಮೇ ತನಕ ಉಣುಗಿನ ಮರಿಗಳ ಕಾಲ. ಕಾಡಿನ ಉಣುಗು ನಾಯಿ ಮೈಯಲ್ಲಿ ಕೂತು ಮನೆಯೊಳಗೆ ಬರಬಹುದು. ನಾಯಿಗೂ ಉಣುಗಿನಿಂದ ಬೇರೆಯದೇ ಜ್ವರ ಬರುತ್ತದೆ. ಹೊರಡುವ ಕೆಲವು ದಿನ ಮೊದಲೇ ಉಣುಗಿನ ಔಷಧಿ ಹಾಕಿಸಿ. ವಾಪಸು ಬಂದು ಮನೆಯೊಳಗೆ ಬಿಡುವ ಮೊದಲೇ ಕಿವಿಯೊಳಗೆ, ಬೆರಳ ಸಂದಿ, ಕೊರಳಪಟ್ಟಿಯ ಅಡಿ ನೋಡಿ. ಸಿಕ್ಕರೆ ಕೈಗವಸು ಹಾಕಿ, ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ. ಉಗುರಲ್ಲಿ ಒತ್ತಿ ಒಡೆಯಬೇಡಿ, ಸೀಮೆಎಣ್ಣೆ ಸುರಿಯಬೇಡಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ನಾಯಿಯನ್ನು ದೂರ ಎಳೆದು, ಆರೋಗ್ಯ ಇಲಾಖೆಗೆ ತಿಳಿಸಿ.

ಮರಿ ಮಾತ್ರ ಬೇಡ. ಲ್ಯಾಬ್ರಡಾರ್ ಜಾತಿಯದಾದರೆ ಕೀಲುಗಳು ಬಲಿಯಲು ಒಂದು ವರ್ಷಕ್ಕೂ ಜಾಸ್ತಿ ಬೇಕು. ಅಲ್ಲಿವರೆಗೆ ಮನೆ ಹಿಂದಿನ ಬೆಟ್ಟದಲ್ಲಿ ದಿನಾ ಸ್ವಲ್ಪ ಹೊತ್ತು ಓಡಾಡಿಸಿ, ಸಾಕು.