ಆ ಹುಡುಗ ಕರೆಯುತ್ತಿದ್ದುದು ತಾಯಿಯನ್ನು

ನಿಮ್ಮ ಪ್ರಶ್ನೆ ಓದಿದಾಗ ಹದಿನಾಲ್ಕು ವರ್ಷದ ಹಿಂದಿನ ನನ್ನ ದಿನಗಳೇ ಕಣ್ಮುಂದೆ ಬಂದವು. ಸ್ಪೀಚ್ ಥೆರಪಿಸ್ಟ್ ಆಗಿ ನಿಮಗಿದು ಎರಡನೇ ವರ್ಷ, ದಿನಕ್ಕೆ ಹತ್ತು ಹನ್ನೊಂದು ಮಕ್ಕಳು, ಅರ್ಧಕ್ಕರ್ಧ ಮನೆಗಳಲ್ಲಿ ನಿಮಗೆ ಬಾರದ ಭಾಷೆ. ಹೇಳಿಕೊಟ್ಟ ಅಭ್ಯಾಸವನ್ನು ಮನೆಯಲ್ಲಿ ಯಾರೂ ಮಾಡಿಸುವುದಿಲ್ಲ, ಸಂಜೆ ಮನೆಗೆ ಬಂದರೆ ಯಾರ ಜೊತೆಗೂ ಮಾತಾಡುವ ತ್ರಾಣ ಇರುವುದಿಲ್ಲ. ಈ ಕೆಲಸವೇ ಬೇಡವೇನೋ ಎಂದು ಕೇಳಿದ್ದೀರಿ. ನನ್ನ ಅನುಭವದಲ್ಲಿ ಆ ಬಾರದ ಭಾಷೆಗೂ ಈ ದಣಿವಿಗೂ ಬಹಳ ಹತ್ತಿರದ ನಂಟಿದೆ. ಅದನ್ನೇ ಹೇಳುತ್ತೇನೆ.

ಮೈಸೂರಿನಲ್ಲಿ ಓದು ಮುಗಿಸಿ ಬಳ್ಳಾರಿ ಕಡೆಯ ಒಂದು ಆಸ್ಪತ್ರೆಗೆ ಸೇರಿದ್ದೆ. ತಾಂಡಾದಿಂದ ಒಬ್ಬ ಅಜ್ಜಿ ನಾಲ್ಕು ವರ್ಷದ ಮೊಮ್ಮಗನನ್ನು ಕರೆದುಕೊಂಡು ಬರುತ್ತಿದ್ದರು. ತಂದೆ ತಾಯಿ ಕಬ್ಬು ಕಡಿಯಲು ದೂರದ ಊರಿಗೆ ಹೋಗಿದ್ದರು. ನಾನು ಸೇಬು, ಛತ್ರಿ, ವಿಮಾನದ ಚಿತ್ರದ ಕಾರ್ಡ್‌ಗಳನ್ನು ಒಂದೊಂದಾಗಿ ತೋರಿಸಿ ಕನ್ನಡದಲ್ಲಿ 'ಇದೇನು?' ಎಂದು ಕೇಳುತ್ತಿದ್ದೆ. ಅವನು ಬಾಗಿಲ ಕಡೆ ನೋಡುತ್ತಾ 'ಯಾಡಿ, ಯಾಡಿ' ಅನ್ನುತ್ತಿದ್ದ. ಫೈಲಿನಲ್ಲಿ 'ಅರ್ಥವಿಲ್ಲದ ಶಬ್ದಗಳು' ಎಂದು ಬರೆದೆ. ಮೂರನೇ ವಾರ ಅಜ್ಜಿ ತಡೆಯಲಾರದೆ ಹೇಳಿದರು: 'ಅವ್ರವ್ವನ್ನ ಕರಿಯಾಕತ್ತಾನ್ರೀ ಮೇಡಂ.' ಲಂಬಾಣಿಯಲ್ಲಿ ಯಾಡಿ ಎಂದರೆ ತಾಯಿ. ಅವನಿಗಿದ್ದ ಕೆಲವೇ ಮಾತುಗಳಲ್ಲಿ ಅತಿ ಮುಖ್ಯವಾದದ್ದನ್ನು ನಾನು ಲೆಕ್ಕದಿಂದಲೇ ತೆಗೆದುಹಾಕಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ಸಲ ಕಾರ್ಡ್ ಪೆಟ್ಟಿಗೆ ತೆಗೆಯಲೇ ಇಲ್ಲ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀರಿಗೆ, ರೊಟ್ಟಿಗೆ, ಮೇಕೆಗೆ, 'ಬಾ', 'ಕೊಡು' ಅನ್ನುವುದಕ್ಕೆ ಏನನ್ನುತ್ತೀರಿ ಎಂದು ಕೇಳಿ ಕನ್ನಡ ಲಿಪಿಯಲ್ಲಿ ನೋಟ್‌ಬುಕ್ಕಿಗೆ ಇಳಿಸಿದೆ. ಮನೆಯಲ್ಲಿ 'ಅಭ್ಯಾಸ ಮಾಡಿಸಿ' ಎನ್ನುವುದನ್ನು ಬಿಟ್ಟು, ರೊಟ್ಟಿ ಬಡಿಯುವಾಗ, ಮೇಕೆಗೆ ಸೊಪ್ಪು ಹಾಕುವಾಗ ಯಾವ ಮಾತು ಆಡಬೇಕು, ಎಲ್ಲಿ ಸುಮ್ಮನಿದ್ದು ಅವನಿಗಾಗಿ ಕಾಯಬೇಕು ಎಂದು ತೋರಿಸಿದೆ. ಅಜ್ಜಿಗೆ ಅದು ಹೊಸ ಕೆಲಸ ಆಗಲಿಲ್ಲ, ಹೇಗೂ ಮಾಡುತ್ತಿದ್ದ ಕೆಲಸವೇ. ತಾಯಿ ಊರಿಗೆ ಮರಳುವ ಹೊತ್ತಿಗೆ ಅವನು ಎರಡು ಪದ ಜೋಡಿಸುತ್ತಿದ್ದ. ವಾರದಲ್ಲಿ ಎರಡು ದಿನ ಮುಕ್ಕಾಲು ಗಂಟೆ ನಾನೊಬ್ಬಳೇ ಹೊತ್ತಿದ್ದ ಭಾರವನ್ನು ಆ ಮನೆ ದಿನವಿಡೀ ಹೊರತೊಡಗಿತ್ತು. ನನ್ನ ದಣಿವು ಇಳಿಯತೊಡಗಿದ್ದೂ ಅಲ್ಲಿಂದಲೇ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಮೂರನೇ ಒಂದು ಭಾಗದ ಜನರ ಮನೆಮಾತು ಕನ್ನಡವಲ್ಲ. ಕನ್ನಡದವರ ಕನ್ನಡವಾದರೂ ಒಂದೇ ಎಲ್ಲಿದೆ? ಮಂಡ್ಯ ಕಡೆಯ ಹಳ್ಳಿಯ ಮಗು 'ಆಲು', 'ಅಣ್ಣು' ಅಂದರೆ ಹಕಾರ ಬರುತ್ತಿಲ್ಲ ಎಂದು ಬರೆಯುವ ಮೊದಲು ಅದರ ತಾಯಿ ಹಾಲಿಗೆ ಏನನ್ನುತ್ತಾರೆ ಕೇಳಿ. ಇಬ್ಬರೂ ಒಂದೇ ತರ ಅಂದರೆ ಅದು ಆ ಊರಿನ ಮಾತು, ದೋಷವಲ್ಲ. ಇಲ್ಲದ ದೋಷವನ್ನು ತಿದ್ದಲು ಕೂತು ಎಷ್ಟೋ ಸೆಷನ್ ಕಳೆದಿದ್ದೇನೆ, ಮಗುವಿಗೂ ದಣಿವು, ನನಗೂ.

ಇನ್ನೊಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. 'ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ' ಎಂದು ಶಾಲೆಯವರು ಹೇಳಿಕಳಿಸುತ್ತಾರೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ಈಗ ನಾನಿರುವ ತುಮಕೂರಿನಲ್ಲಿ ಒಬ್ಬ ತಾಯಿ ತೆಲುಗು ಬಿಟ್ಟು, ತಮಗೆ ಗೊತ್ತಿದ್ದ 'ಕಮ್, ಸಿಟ್, ಈಟ್' ಅಷ್ಟರಲ್ಲೇ ಎರಡು ವರ್ಷ ಮಗುವನ್ನು ಸಾಕಿದ್ದರು. ಜೋಗುಳವಿಲ್ಲ, ಕತೆಯಿಲ್ಲ. ತೆಲುಗಲ್ಲೇ ಮಾತಾಡಿ ಅಂದಾಗ ಅವರು ಅತ್ತುಬಿಟ್ಟರು.

ಮಾತು ತಡವಾದ ಮಗುವಿಗೆ ಮನೆಯವರು ಬಜೆ ತೇಯ್ದು ನೆಕ್ಕಿಸುತ್ತಾರೆ, ಹರಕೆ ಹೊರುತ್ತಾರೆ, 'ಅವರಪ್ಪನೂ ಐದು ವರ್ಷಕ್ಕೇ ಮಾತಾಡಿದ್ದು' ಅನ್ನುತ್ತಾರೆ. ರೇಗಬೇಡಿ. ಶೃಂಗೇರಿಗೆ ಹೋಗಿ ಬರುವವರು ಹೋಗಿ ಬರಲಿ. ಬಜೆಯಿಂದ ಮಾತು ಬರುವುದಿಲ್ಲ ಎಂದು ಮೆಲ್ಲಗೆ ಹೇಳಿ, ಕಿವಿ ಪರೀಕ್ಷೆ ಮಾತ್ರ ಮುಂದೂಡಲು ಬಿಡಬೇಡಿ.

ದೊಡ್ಡವರ ವಿಷಯದಲ್ಲೂ ಇದೇ. ನುಂಗುವ ತೊಂದರೆಯನ್ನು ನೋಡುವುದೂ ನಮ್ಮ ಕೆಲಸವೇ ಅಲ್ಲವೇ. ಲಕ್ವ ಹೊಡೆದು ನುಂಗಲು ಕಷ್ಟವಾದ ಒಬ್ಬ ರೈತರಿಗೆ ಕಸ್ಟರ್ಡ್, ಓಟ್ಸ್ ಎಂದು ಬರೆದ ಆಹಾರ ಪಟ್ಟಿ ಕೊಟ್ಟಿದ್ದೆ. ಅವರು ಕೇಳಿದ್ದು ಒಂದೇ: ಮುದ್ದೆ ಯಾವಾಗ? ಮುದ್ದೆಯನ್ನು ಅಗಿಯುವುದಿಲ್ಲ, ತುತ್ತು ಮುರಿದು ಹಾಗೇ ನುಂಗುತ್ತೇವೆ. ಅವರ ಸ್ಥಿತಿಯಲ್ಲಿ ಅದು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ. ಬರೀ 'ಕೊಡಬೇಡಿ' ಅಂದಿದ್ದರೆ ಹೆಂಡತಿ ಕನಿಕರಕ್ಕೆ ಕದ್ದು ಕೊಡುತ್ತಿದ್ದರು. ಯಾವ ಹದ ಅವರಿಗೆ ಕ್ಷೇಮ ಎಂದು ಪರೀಕ್ಷಿಸಿ, ಆ ಹದಕ್ಕೆ ರಾಗಿ ಗಂಜಿ ಕಾಯಿಸುವುದನ್ನು ತೋರಿಸಿದೆವು. ಬಾಯಿಗೆ ರಾಗಿ ರುಚಿ ಸಿಕ್ಕಿತು, ಹಟ ನಿಂತಿತು.

ಇಷ್ಟೆಲ್ಲ ಮಾಡಿದರೂ ದಿನಕ್ಕೆ ಹನ್ನೊಂದು ಮಕ್ಕಳು ಹೆಚ್ಚೇ. ಅದನ್ನು ನಿಮ್ಮ ತಾಳ್ಮೆಯ ಕೊರತೆ ಅಂದುಕೊಳ್ಳಬೇಡಿ, ಕ್ಲಿನಿಕ್ ನಡೆಸುವವರ ಮುಂದೆ ಲೆಕ್ಕ ಇಡಿ. ಬರವಣಿಗೆಗೆಂದೇ ದಿನದ ಒಂದು ಹೊತ್ತು ಕೇಳಿ ಪಡೆಯಿರಿ, ಇಲ್ಲದಿದ್ದರೆ ಅದು ನಿಮ್ಮ ಊಟದ ಹೊತ್ತನ್ನೇ ನುಂಗುತ್ತದೆ. ಸಂಜೆ ಏಳರ ಮೇಲೆ ನಾನು ಪೋಷಕರ ವಾಟ್ಸಾಪ್ ನೋಡುವುದಿಲ್ಲ, ಮೊದಲ ದಿನವೇ ಹೇಳಿರುತ್ತೇನೆ, ಯಾರೂ ಬೇಸರಪಟ್ಟಿಲ್ಲ. ತಿಂಗಳಿಗೊಮ್ಮೆ ಇಬ್ಬರು ಸಹಪಾಠಿಗಳ ಜೊತೆ ಫೋನಿನಲ್ಲಿ ಕಷ್ಟದ ಕೇಸುಗಳ ಬಗ್ಗೆ ಮಾತಾಡುತ್ತೇವೆ, ಹೆಸರು ಹೇಳದೆ. ಗಂಟಲು ಒಡೆದಂತಾದರೆ ನಾವು ರೋಗಿಗಳಿಗೆ ಹೇಳುವುದನ್ನು ನೀವೂ ಮಾಡಿ: ನೀರು ಕುಡಿಯಿರಿ, ಸದ್ದಿನ ಮೇಲೆ ಕೂಗಿ ಮಾತಾಡಬೇಡಿ. ನಿದ್ದೆ ಬಾರದೆ, ಬೆಳಗಾದರೆ ಭಯವಾಗುವ ಮಟ್ಟಕ್ಕೆ ಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗ ಮುಂದಿನ ಸುಗ್ಗಿಗೆ ತಾಯಿಯ ಜೊತೆ ಕಬ್ಬಿನ ಗದ್ದೆಗೆ ಹೊರಟುಹೋದ, ಮತ್ತೆ ಬರಲಿಲ್ಲ. ಅದಕ್ಕೆ ಬಹಳ ದಿನ ನನ್ನನ್ನೇ ಬೈದುಕೊಂಡೆ. ಈಗ ಹಾಗೆ ಮಾಡುವುದಿಲ್ಲ. ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ನಿಮ್ಮಲ್ಲಿ ಲಂಬಾಣಿ ಮಕ್ಕಳು ಬರುತ್ತಿದ್ದರೆ ಕಾಮೆಂಟಿನಲ್ಲಿ ತಿಳಿಸಿ, ಪುಟಗಳ ಫೋಟೊ ತೆಗೆದು ಕಳಿಸುತ್ತೇನೆ. ಬಳಸುವ ಮೊದಲು ನಿಮ್ಮಲ್ಲಿಗೆ ಬರುವ ಅಜ್ಜಿಯೊಬ್ಬರಿಗೆ ಓದಿ ಹೇಳಿ, ಊರಿಂದೂರಿಗೆ ಮಾತು ಬೇರೆಯಾಗುತ್ತದೆ.