ಜ್ಯೂರಿ ಬೇಡವೆಂದು ನೀವೊಬ್ಬರೇ ಹೇಳಿದರೆ ಸಾಲದು
ನ್ಯೂಯಾರ್ಕ್ ಸುಪ್ರೀಂ ಕೋರ್ಟಿನಲ್ಲಿ (ಅಲ್ಲಿ ಅದು ಮೊದಲ ಹಂತದ ನ್ಯಾಯಾಲಯ) ಮನೆ ಕಟ್ಟಿದ ಗುತ್ತಿಗೆದಾರನ ಮೇಲಿನ ದಾವೆಯನ್ನು ಜ್ಯೂರಿಯಿಲ್ಲದೆ (ಅಂದರೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿಯಿಲ್ಲದೆ, ನ್ಯಾಯಾಧೀಶರೊಬ್ಬರಿಂದಲೇ) ವಿಚಾರಣೆಗೆ ಹಚ್ಚಿಸುವುದು ಹೇಗೆಂದು ಕೇಳಿದ್ದೀರಿ. ಪ್ರಕರಣವನ್ನು ವಿಚಾರಣೆಯ ಪಟ್ಟಿಗೆ ಸೇರಿಸಲು ಸಲ್ಲಿಸುವ ‘ನೋಟ್ ಆಫ್ ಇಶ್ಯೂ’ ನಮೂನೆಯಲ್ಲಿ ಜ್ಯೂರಿರಹಿತ ವಿಚಾರಣೆ ಎಂಬುದನ್ನು ಗುರುತಿಸಿ, ಪ್ರಕರಣ ಸಿದ್ಧವಿದೆಯೆಂಬ ಪ್ರಮಾಣಪತ್ರ ಮತ್ತು ಶುಲ್ಕದೊಂದಿಗೆ ಸಲ್ಲಿಸಿ, ಎದುರು ಪಕ್ಷಕ್ಕೂ ಪ್ರತಿ ತಲುಪಿಸಿ. ಅವರು 15 ದಿನಗಳೊಳಗೆ ಜ್ಯೂರಿ ಕೇಳಿದರೆ ನಿಮ್ಮ ಆಯ್ಕೆ ನಿಲ್ಲುವುದಿಲ್ಲ. ಸುಮ್ಮನಿದ್ದರೆ ಹಕ್ಕು ಬಿಟ್ಟುಕೊಟ್ಟಂತೆ. ದಯವಿಟ್ಟು ಅವಸರ ಮಾಡಬೇಡಿ. ದಾಖಲೆಗಳ ವಿನಿಮಯ, ಸಾಕ್ಷಿ ಹೇಳಿಕೆಗಳು ಮುಗಿಯುವ ಮೊದಲೇ ಸಲ್ಲಿಸಿದರೆ, 20 ದಿನಗಳೊಳಗೆ ಅದನ್ನು ರದ್ದುಪಡಿಸುವಂತೆ ಅವರು ಕೋರಬಹುದು. ಬಿಲ್ಲು, ಅಳತೆ, ಕರಾರಿನ ಷರತ್ತುಗಳದ್ದೇ ತಕರಾರಾಗಿರುವಾಗ ನ್ಯಾಯಾಧೀಶರೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಇಂದೇ ಕರಾರುಪತ್ರ ತೆಗೆದು ನೋಡಿ: ಜ್ಯೂರಿ ಹಕ್ಕು ತ್ಯಜಿಸಿದ್ದೇವೆ ಎಂಬ ಷರತ್ತಿಗೆ ಇಬ್ಬರೂ ಸಹಿ ಹಾಕಿದ್ದರೆ, ಅವರ ಬೇಡಿಕೆಯನ್ನು ತಳ್ಳಿಹಾಕುವಂತೆ ನೀವು ಕೇಳಬಹುದು.